ಮೂರು ಪಡೆಗೆ ಒಂದೇ ಕಹಳೆ

ಒಂದು ಕೋಟೆಯಲ್ಲಿ ಕರಿಯವ್ವ ಎಂಬ ತಾಯಿ, ಅವಳಿಗೊಬ್ಬ ಮಗ ತಿಪ್ಪ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವಳ ಗೋಳು.

ಆ ಕೋಟೆಯ ಅರಸನಿಗೆ ಮೂರು ಪಡೆ: ಕಾಲಾಳು, ಕುದುರೆ, ದೋಣಿ. ಒಂದೊಂದಕ್ಕೂ ಬೇರೆ ಕಹಳೆ. ಒಬ್ಬರು ಊದಿದರೆ ಇನ್ನೊಬ್ಬರು ಕದಲುತ್ತಿರಲಿಲ್ಲ. ಅರಸ ಮೂವರಿಗೂ ಸೇರಿ ಒಂದೇ ಹೊಸ ಕಹಳೆ ಮಾಡಿಸಿದ. ಪರೀಕ್ಷೆಗೆ ಯಾರು ಊದಬೇಕು? ನಮ್ಮವನೇ, ನಮ್ಮವನೇ ಎಂದು ಮೂವರು ದಳವಾಯಿಗಳೂ ಕಚ್ಚಾಡಿದರು. ಕೊನೆಗೆ, ಯಾವ ಪಡೆಗೂ ಸೇರದ ತಿಪ್ಪನಿಗೆ ಆ ಕೆಲಸ ಬಿತ್ತು.

“ಮೂರು ಪಡೆಗೂ ಕೇಳುವ ಹಾಗೆ ಊದು!” ಎಂದ ಅರಸ.

ತಿಪ್ಪ ಕಾಲಾಳುಗಳ ಬಳಿ ಹೋಗಿ ಊದಿದ. ನಡೆದು ಲಾಯಕ್ಕೆ ಹೋಗಿ ಊದಿದ. ಮತ್ತೆ ನಡೆದು ಹೊಳೆಗೆ ಹೋಗಿ ಊದಿದ. ಎಲ್ಲರೂ ಸೇರಬೇಕಿದ್ದ ಬಯಲಿಗೆ ದೋಣಿಯವರು ಬರುವಷ್ಟರಲ್ಲಿ ಕಾಲಾಳುಗಳು ಉಂಡು ಮಲಗಿದ್ದರು.

“ಅಯ್ಯೋ ಪೆದ್ದೇ! ಮೂವರನ್ನೂ ಒಂದೇ ಕಡೆ ಸೇರಿಸಿ ಊದಬಾರದೇನೋ?” ಎಂದು ಬೈದಳು ಅವ್ವ.

“ಹಾಗೇ ಆಗಲಿ, ಅವ್ವಾ!”

ಮರುದಿನ ಕಾಲಾಳುಗಳನ್ನೂ ಕುದುರೆಗಳನ್ನೂ ದೋಣಿಗೇ ಹತ್ತಿಸಿ ಊದಿದ. ಕುದುರೆಗಳು ಬೆದರಿದವು, ದೋಣಿಗಳು ಮಗುಚಿದವು. ದಳವಾಯಿಗಳು ಈಜಿ ದಡ ಸೇರಿದರು.

“ಇನ್ನೊಮ್ಮೆ ಕೆಟ್ಟರೆ ನಿನ್ನ ತಲೆ ಇರುವುದಿಲ್ಲ!” ಎಂದ ಅರಸ.

ಅವ್ವ ಅತ್ತಳು. “ನನ್ನಪ್ಪಾ, ಅವರವರು ಅವರವರ ಜಾಗದಲ್ಲೇ ಇರಲಿ. ಈ ಕೋಟೆಗಾಗಿ ಕತ್ತಿ ಹಿಡಿದ ಒಬ್ಬನನ್ನೂ ಬಿಡದೆ ‘ನಾಳೆ ಕಹಳೆ ಕೇಳಿದ ಕೂಡಲೇ ಬನ್ನಿ’ ಅಂತ ಹೇಳಿ ಬಾ. ಆಮೇಲೆ ಊದು.”

“ಹಾಗೇ ಆಗಲಿ, ಅವ್ವಾ!”

ಒಬ್ಬನನ್ನೂ ಬಿಡಲಿಲ್ಲ ತಿಪ್ಪ. ಊರಾಚೆಯ ವೀರಗಲ್ಲುಗಳ ಸಾಲಿಗೂ ಹೋದ. ಯುದ್ಧದಲ್ಲಿ ಸತ್ತವರನ್ನು ಕೆತ್ತಿದ ಕಲ್ಲುಗಳವು. ಒಬ್ಬೊಬ್ಬ ವೀರನ ಕಿವಿಯಲ್ಲೂ ಹೇಳಿ ಬಂದ.

ಮಟಮಟ ಮಧ್ಯಾಹ್ನ ಊದಿದ. ಮೂರು ಪಡೆಯೂ ಒಟ್ಟಿಗೇ ಬಂದವು! ಅರಸ ಚಪ್ಪಾಳೆ ತಟ್ಟಿದ. ಹಿಂದಿನಿಂದ ಇನ್ನೂ ಬಂದರು. ಅವರ ಕುದುರೆಗಳ ಗೊರಸಿಗೆ ಸದ್ದಿರಲಿಲ್ಲ. ಅವರು ನಡೆದಲ್ಲಿ ಧೂಳೇಳಲಿಲ್ಲ. ಅರಸನ ಕೈ ಅಲ್ಲೇ ನಿಂತಿತು.

“ಯಾ... ಯಾರೋ ಅವರು?”

“ನಮ್ಮವರೇ, ಬುದ್ಧಿ! ವೀರಗಲ್ಲಿನ ಹಳಬರು.”

“ನಿನ್ನ ತಲೆ ಉಳಿಯಿತು, ಹೋಗು! ಇವರನ್ನು ಕಲ್ಲಿಗೆ ಸೇರಿಸು! ಸಾಲಿನ ಕೊನೆಯವನೂ ಒಳಗೆ ಹೋಗಬೇಕು. ಕಹಳೆ ಕೇಳದೆ ಒಬ್ಬನೂ ಹೊರಗೆ ಬರಕೂಡದು!”

“ಹಾಗೇ ಆಗಲಿ, ಬುದ್ಧಿ!”

ತಿಪ್ಪ ಅವರನ್ನು ಸಾಲು ಮಾಡಿ, ಎಲ್ಲರ ಹಿಂದೆ ತಾನು ನಡೆದ. ಒಬ್ಬೊಬ್ಬನೇ ಕಲ್ಲಿನೊಳಗೆ ಹೋದ. ಸಾಲಿನ ಕೊನೆಗೆ ಉಳಿದವನು ತಿಪ್ಪ.

ಸಂಜೆಯಾದರೂ ಮಗ ಬಾರದಿರಲು ಕರಿಯವ್ವ ಹುಡುಕಿಕೊಂಡು ಬಂದಳು. ಸಾಲಿನ ತುದಿಯಲ್ಲಿ ಒಂದು ಹೊಸ ಕಲ್ಲು. ಅದರಲ್ಲಿ ಕಹಳೆ ಹಿಡಿದು ನಿಂತ ತಿಪ್ಪ.

“ಅಯ್ಯೋ ಪೆದ್ದು ಮುಂಡೇದೇ! ಬಾರೋ ಹೊರಗೆ!”

“ಕಹಳೆ ಕೇಳದೆ ಬರಬಾರದಂತೆ, ಅವ್ವಾ.” ದನಿ ಕಲ್ಲಿನೊಳಗಿಂದ ಬಂತು.

“ಎಲ್ಲೋ ಆ ಹಾಳು ಕಹಳೆ?”

“ನನ್ನ ಕೈಲೇ ಇದೆ. ಊದಲಾ?”

ಕರಿಯವ್ವ ಬಾಯಿ ತೆರೆದಳು. ಸುತ್ತಲೂ ಕಲ್ಲಿನ ಕುದುರೆಗಳು ಆಗಲೇ ಕಿವಿ ನಿಮಿರಿಸಿದ್ದವು.