ಗೌರಿ ಹೂವು ಬೇಲಿ ಹಿಡಿದದ್ದು

ಭೂಮಿ ಆಗಷ್ಟೇ ಹುಟ್ಟಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಮೆತ್ತಗಿದ್ದವು, ಆನೆ ಕೂತರೆ ಗುಳಿ ಬೀಳುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ, ಗಾಳಿಯನ್ನು ಕೇಳಿಕೊಂಡು ಹರಿಯುತ್ತಿತ್ತು. ಗಿಡಗಳು ಬೇರನ್ನೇ ಕಾಲು ಮಾಡಿಕೊಂಡು ಬೇಕಾದಲ್ಲಿಗೆ ನಡೆದುಹೋಗಿ ನಿಲ್ಲುತ್ತಿದ್ದವು.

ಆ ಕಾಲದಲ್ಲಿ ಕೆಂಚಕ್ಕ ಎಂಬುವಳು ಲೋಕದ ಮೊದಲ ಹಿತ್ತಲು ಮಾಡಿದಳು. ಹಿತ್ತಲು ಅಂದರೆ ಹಿತ್ತಲು! ನಾಲ್ಕು ಕುಂಡ ಸಾಲಾಗಿಟ್ಟು ತೋಟ ಎನ್ನುವವರು ಅದರ ಬಾಗಿಲಲ್ಲಿ ನಿಲ್ಲುವುದಕ್ಕೂ ಲಾಯಕ್ಕಿಲ್ಲ. ಕಲ್ಲು ಆಯ್ದಳು, ಮಣ್ಣು ಹದ ಮಾಡಿದಳು, ಪಾತಿ ಕಟ್ಟಿದಳು, ಸುತ್ತ ಮುಳ್ಳಿನ ಬೇಲಿ ನಿಲ್ಲಿಸಿದಳು. ಬಚ್ಚಲ ನೀರು ಹರಿಯುವ ಕಡೆ ಮಲ್ಲಿಗೆ ಬಂದು ಕೂತಿತು. ಚಪ್ಪರ ಕಂಡು ಹೀರೆ ಹತ್ತಿತು. ಅವರೆ ಬಂತು, ಬದನೆ ಬಂತು, ಕನಕಾಂಬರ ಬಂತು.

"ನನ್ನ ಕೈ ತಾಕಿದರೆ ಒನಕೆಯೂ ಚಿಗುರುತ್ತೆ" ಎಂದು ಕೆಂಚಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

ಅವಳ ಗಂಡ ಈರಬಡಪ್ಪ ಕುರಿ ಕಾಯುವವನು. "ಒನಕೆ ಚಿಗುರಿಬಿಟ್ಟರೆ ಕುಟ್ಟೋದು ಯಾವುದರಲ್ಲೇ?" ಎಂದು ನಕ್ಕು ಕುರಿಯ ಹಿಂದೆ ಹೋದ.

ಮುಂಗಾರು ಬಿದ್ದ ಮೇಲೆ ಬೆಟ್ಟದಿಂದ ಒಂದು ಹೂವಿನ ಗಿಡ ಇಳಿದು ಬಂತು. ಆಳೆತ್ತರ, ನೆಟ್ಟನೆಯ ಎಲೆ, ತಲೆಯ ಮೇಲೆ ಬೆಂಕಿ ಹೊತ್ತಿದಂಥ ಹೂವು, ಕೆಂಪಿನ ಅಂಚಲ್ಲಿ ಹಳದಿ. ಹೂವಿನ ಮುಖ ನೇರ ಆಕಾಶಕ್ಕೆ.

"ಅಕ್ಕಾ, ಈ ಬೆಟ್ಟಕ್ಕೆಲ್ಲ ನಾನೇ ದೀಪ. ನಾನು ಬಂದ ಮೇಲೆ ನಿನ್ನ ಹಿತ್ತಲಿಗೆ ಸೂರ್ಯ ಬೇಕಾಗಲ್ಲ, ಅವನಿಗೆ ರಜೆ ಕೊಡು" ಎಂದಿತು ಹೂವು.

"ನಾನು ಸಾಕಿದರೆ ನೀನು ಬೆಟ್ಟ ಎಲ್ಲಿದೆ ಅನ್ನೋದನ್ನೇ ಮರೀತೀಯ. ಬಾ, ನಡುಪಾತಿ ನಿಂದು. ಇವತ್ತಿಂದ ನೀನು ನನ್ನ ಮನೆಮಗಳು" ಎಂದಳು ಕೆಂಚಕ್ಕ.

ಇಬ್ಬರೂ ಜಂಬದವರೇ, ಒಬ್ಬರನ್ನೊಬ್ಬರು ಮೀರಿಸುವವರು. ದಿನವೆಲ್ಲ ಮಾತು, ಮಾತು, ಮಾತು. ಆದರೆ ಹೇಳಲೇಬೇಕಾದ ಒಂದು ಮಾತನ್ನು ಹೂವು ಹೇಳಲಿಲ್ಲ, ಕೆಂಚಕ್ಕ ಕೇಳಲಿಲ್ಲ.

ಮಳೆ ಹಿಂದೆಗೆಯಿತು. ನಡುಪಾತಿಯ ಗಿಡ ಹಳದಿಯಾಯಿತು. ಎಲೆ ಉದುರಿತು. ಕಾಂಡ ಒಣಗಿತು. ಒಂದು ಬೆಳಿಗ್ಗೆ ನೋಡಿದರೆ ಪಾತಿಯಲ್ಲಿ ಬರೀ ಮಣ್ಣು.

ಕೆಂಚಕ್ಕನ ಕೈ ತಾಕಿದ್ದು ಸತ್ತದ್ದು ಉಂಟೇ? ಕೊಡ ಕೊಡ ನೀರು ತಂದು ಸುರಿದಳು. ಬೆಳಿಗ್ಗೆ ಸುರಿದಳು, ಮಧ್ಯಾಹ್ನ ಸುರಿದಳು, ಸಂಜೆ ಸುರಿದಳು.

"ಎಷ್ಟು ಹೊಯ್ದರೂ ಅಲ್ಲಿ ಕೆಸರೇ ಹುಟ್ಟೋದು ಕಣೇ" ಎಂದ ಈರಬಡಪ್ಪ.

"ಸುಮ್ನಿರಿ, ನಿಮ್ಮ ಕುರಿ ಸತ್ತರೆ ನಾನು ಹೀಗಂತೀನಾ?" ಎಂದು ಅವಳು ಮುಖ ತಿರುಗಿಸಿದಳು.

ಕೊನೆಗೆ ಅವಳೂ ಕೈಬಿಟ್ಟಳು. ಹಾಳುಪಾತಿ ಕಣ್ಣಿಗೆ ಚುಚ್ಚುತ್ತಿತ್ತು. ಅಲ್ಲೊಂದು ಬದನೆ ಸಸಿ ಇಟ್ಟರೆ ಮರೆತೇನೆಂದು ಗುದ್ದಲಿ ಎತ್ತಿ ಇಳಿಸಿದಳು.

ಮಣ್ಣಿನೊಳಗೆ ಏನೋ ಲಟಕ್ಕೆಂದಿತು.

"ಯಾರದು? ಮಳೆ ಬಂತಾ?" ಎಂದು ನಿದ್ದೆಗಣ್ಣಿನ ದನಿಯೊಂದು ಕೇಳಿತು.

ಕೆಂಚಕ್ಕ ಗುದ್ದಲಿ ಬಿಸಾಕಿ ಮೊಣಕಾಲೂರಿದಳು. ಬರಿಗೈಯಿಂದ ಮಣ್ಣು ಸರಿಸಿದಳು. ಅಲ್ಲಿ ಒಂದು ಗೆಡ್ಡೆ. ನೆಟ್ಟಗಿದ್ದದ್ದು ಏಟಿಗೆ ನಡುವಲ್ಲಿ ಬಗ್ಗಿ ನೇಗಿಲಿನ ಹಾಗಾಗಿದೆ, ಆದರೆ ಒಳಗೆ ಹಸಿಯಾಗಿದೆ, ಜೀವವಿದೆ.

"ಅಯ್ಯೋ ತಾಯಿ! ನೀನು ಸತ್ತಿಲ್ವಾ?"

"ಸಾಯೋದ್ಯಾಕೆ? ಮಲಗಿದ್ದೆ. ಮಳೆ ಹೋದ ಮೇಲೆ ನಾನು ಮಲಗ್ತೀನಿ, ಮಳೆ ಬಂದ ಮೇಲೆ ಏಳ್ತೀನಿ. ಬೆಟ್ಟದಲ್ಲಿ ಇದು ಇರುವೆಗೂ ಗೊತ್ತು. ಮನೆಮಗಳು ಅಂದೆಯಲ್ಲಕ್ಕಾ, ಮಲಗಿದ ಮಗಳನ್ನ ಗುದ್ದಲೀಲಿ ಎಬ್ಬಿಸ್ತಾರಾ?"

ಕೆಂಚಕ್ಕ ಸೆರಗಿನ ತುದಿಯಿಂದ ಗೆಡ್ಡೆಯ ಮೇಲಿನ ಮಣ್ಣು ಒರೆಸಿದಳು.

ಗೆಡ್ಡೆ ನೋವಿನಲ್ಲಿ ಉರುಳಿತು. ಬೆಟ್ಟಕ್ಕೆ ವಾಪಸ್ ಹೊರಟಿತು. ಬಗ್ಗಿದ ಮೈಯಲ್ಲಿ ಏರು ಹತ್ತಲಾಗಲಿಲ್ಲ. ಉರುಳಿ ಉರುಳಿ ಬೇಲಿಯವರೆಗೆ ಬಂದು ನಿಂತಿತು.

ಮುಳ್ಳುಬೇಲಿ ಒರಟು ದನಿಯವನು. "ಇಲ್ಲೇ ಮಲಗು ಮಗಾ. ನನ್ನ ಬುಡಕ್ಕೆ ಯಾರೂ ಕೈ ಹಾಕಲ್ಲ. ಹಾಕಿದೋರು ರಕ್ತ ಒರೆಸಿಕೊಂಡು ಹೋಗಿದ್ದಾರೆ" ಎಂದ. ಗೆಡ್ಡೆ ಬೇಲಿಯ ಬುಡದಲ್ಲಿ ಮಣ್ಣು ಹೊದ್ದು ಮಲಗಿತು. ಅದರ ನೋವೆಲ್ಲ ಮೈಯೊಳಗೇ ಇಂಗಿ ವಿಷವಾಯಿತು.

ಆ ಬೇಸಿಗೆ ಕೆಂಚಕ್ಕನಿಗೆ ಉದ್ದವಾಯಿತು. ಮಲ್ಲಿಗೆ ಬಿರಿದರೂ ಮುಡಿಯಲಿಲ್ಲ. ದಿನವೂ ಬೇಲಿಯ ಬಳಿ ಹೋಗಿ ಕೂರುತ್ತಿದ್ದಳು, ನೀರು ಮಾತ್ರ ಹಾಕುತ್ತಿರಲಿಲ್ಲ. ಮಲಗಿದವರ ಮೇಲೆ ನೀರು ಸುರಿಯಬಾರದೆಂದು ಈಗ ತಿಳಿದಿತ್ತು. ಅದು ಮಲಗಿದೆಯೋ, ನಿಜಕ್ಕೂ ಹೋಯಿತೋ? ಅದೊಂದು ಮಾತ್ರ ತಿಳಿಯದು.

"ಗಾಳಿಯಪ್ಪಾ, ನೀನು ಎಲ್ಲಾ ಕಡೆ ತೂರ್ತೀಯಲ್ಲ, ಒಳಗೆ ಉಸಿರಿದೆಯಾ ನೋಡಿ ಹೇಳು" ಎಂದು ಕೇಳಿದಳು.

"ಮಣ್ಣೊಳಗೆ ನನ್ನ ಆಟ ನಡೆಯಲ್ಲ ಕಣಮ್ಮ. ಮೋಡ ಬೇಕಾದರೆ ತರ್ತೀನಿ" ಎಂದಿತು ಗಾಳಿ.

ತಂದಿತು ಕೂಡ. ಮೊದಲ ಮಳೆ ಬಂತು, ಬೇಲಿಯ ಬುಡದಲ್ಲಿ ಏನೂ ಏಳಲಿಲ್ಲ. ಎರಡನೇ ಮಳೆ ಬಂತು, ಏನೂ ಏಳಲಿಲ್ಲ. ಮೂರನೇ ಮಳೆ ಬಿದ್ದ ಮರುದಿನ ಹಸಿರು ಮೊಳಕೆಯೊಂದು ಮಣ್ಣು ತಳ್ಳಿಕೊಂಡು ನಿಂತಿತ್ತು.

ಕೆಂಚಕ್ಕ ಓಡಿದಳು. "ಬಂದೆಯಾ ನನ್ನವ್ವಾ! ಒಳಗೆ ಬಾ. ನಡುಪಾತಿಗೆ ಗೊಬ್ಬರ ಹಾಕಿಟ್ಟಿದ್ದೀನಿ" ಎಂದು ಮೆಲ್ಲಗೆ ಎಳೆದಳು.

ಗಿಡ ಬರಲಿಲ್ಲ. ನೆಟ್ಟಗಿದ್ದ ಎಲೆಗಳ ತುದಿಯನ್ನೆಲ್ಲ ಸುರುಳಿ ಸುತ್ತಿ ಬೇಲಿಯ ಮುಳ್ಳನ್ನು ಹಿಡಿದುಕೊಂಡಿತು. ಒಂದು ಎಲೆ ಬಿಡಿಸಿದರೆ ಇನ್ನೊಂದು ಹಿಡಿಯಿತು.

"ನೀನು ಒಳ್ಳೇವಳೇ ಕಣಕ್ಕಾ. ನಿನ್ನ ಗುದ್ದಲಿಗೆ ಕಣ್ಣಿಲ್ಲ. ನಾನು ಒಳಗೂ ಬರಲ್ಲ, ಬಿಟ್ಟೂ ಹೋಗಲ್ಲ. ಇಲ್ಲೇ ಇರ್ತೀನಿ."

ಈರಬಡಪ್ಪ ಬೇಲಿಯಾಚೆಯಿಂದ ಇಣುಕಿದ. "ಬಿಡೇ, ಹಿಡಿದದ್ದು ಗಟ್ಟಿಯಾಗೇ ಹಿಡಿದಿದೆ. ಅಲ್ಲಿದ್ದರೂ ನಿನ್ನ ಮಗಳೇ ತಾನೇ?"

ಕೆಂಚಕ್ಕ ಎಲೆಯಿಂದ ಕೈ ತೆಗೆದಳು. "ಆಯ್ತು. ಬೇಲಿಯಿಂದ ಒಂದು ಮಾರು ದೂರದೊಳಗೆ ಯಾರ ಗುದ್ದಲಿಯೂ ಇಳಿಯಲ್ಲ. ಇದು ನನ್ನ ಮಾತು."

"ನಿನ್ನ ಮಾತು ನಿನಗಿರಲಿ, ನನ್ನ ಕಾವಲು ನನಗಿರಲಿ" ಎಂದಿತು ಗಿಡ. ಆ ಸಲ ಹೂವು ಅರಳಿದಾಗ ಆಕಾಶದ ಕಡೆ ನೋಡಲೇ ಇಲ್ಲ. ಮುಂದಕ್ಕೆ ಬಿದ್ದ ಕೂದಲನ್ನು ಹುಡುಗಿಯೊಬ್ಬಳು ಹಿಂದಕ್ಕೆಸೆಯುವ ಹಾಗೆ ಎಸಳೆಲ್ಲ ಮೇಲಕ್ಕೆತ್ತಿ, ಬಗ್ಗಿ, ತನ್ನ ಗೆಡ್ಡೆಯಿದ್ದ ಮಣ್ಣನ್ನೇ ದಿಟ್ಟಿಸಿತು. ಅದರ ಬಿಂಕ ಕಂಡು ಕೆಂಚಕ್ಕ ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕಳು.

ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಗೌರಿ ಹೂವು ಎಂಬ ಹೆಸರು ಆಮೇಲೆ ಬಂತು. ಗೆಡ್ಡೆಯಲ್ಲಿ ಇಂಗಿದ ವಿಷ ಇನ್ನೂ ಇಳಿದಿಲ್ಲ, ಅದಕ್ಕೇ ಆ ಗಿಡದ ಯಾವುದನ್ನೂ ಬಾಯಿಗಿಡಬೇಡಿ ಎಂದು ದೊಡ್ಡವರು ಬೈಯುವುದು. ಕಣ್ಣಲ್ಲಿ ನೋಡಲು ಯಾರ ಅಡ್ಡಿಯೂ ಇಲ್ಲ: ಮಳೆಗಾಲದಲ್ಲಿ ಬೇಲಿಯ ಹತ್ತಿರ ಹೋಗಿ ನೋಡಿ, ಇವತ್ತಿಗೂ ಆ ಎಲೆಯ ತುದಿಗಳು ಮುಳ್ಳನ್ನು ಸುತ್ತಿ ಹಿಡಿದಿರುತ್ತವೆ, ಹೂವು ಮಾತ್ರ ನಿಮ್ಮ ಕಡೆ ತಿರುಗದೆ, ಎಸಳು ಮೇಲೆತ್ತಿ, ತನ್ನ ಬುಡದ ಮಣ್ಣನ್ನೇ ಕಾಯುತ್ತಿರುತ್ತದೆ.