ಕಾರಿನ ಗಾಜಿನ ಮೇಲಿನ ಮನೆದೇವರು

ವಿಶ್ವವಿದ್ಯಾಲಯದಲ್ಲಿ ಸೈಬರ್ ಭದ್ರತೆಯ ಕೋರ್ಸಿಗೆ ಹಣ ಕೇಳಿದಾಗ ಹಣಕಾಸು ಅಧಿಕಾರಿ ಗುರುಶಾಂತಪ್ಪ ಸಾಹೇಬರು ಗಹಗಹಿಸಿ ನಕ್ಕರು.

"ಕಾಣದ ಕಳ್ಳನ್ನ ಹಿಡಿಯೋದು ಕಲಸಾಕ ರೊಕ್ಕ ಯಾಕ? ಮೊದಲ ಕಳ್ಳನ್ನ ತೋರಸ್ರಿ!"

ಫೈಲು ತಂದಿದ್ದ ಗುಮಾಸ್ತೆ ನೀಲವ್ವ ಕಿಟಕಿಯಾಚೆ ನೋಡಿದಳು. ಸಾಹೇಬರ ಕಾರಿನ ಹಿಂದಿನ ಗಾಜಿನ ಮೇಲೆ ಅವರ ಮನೆದೇವರ ಹೆಸರಿತ್ತು. ಮೊಬೈಲಿನಲ್ಲಿ ಮನೆ ಕ್ಯಾಮೆರಾದ ಆ್ಯಪ್ ತೆರೆದು, ಸಾಹೇಬರ ಫೋನ್ ನಂಬರ್ ಹಾಕಿ, ಆ ಹೆಸರನ್ನೇ ಪಾಸ್‌ವರ್ಡ್ ಎಂದು ಒತ್ತಿದಳು. ಸಾಹೇಬರ ಮನೆಯ ಕ್ಯಾಮೆರಾ ತೆರೆದುಕೊಂಡಿತು. ದೇವರ ಕೋಣೆಯಲ್ಲಿ ಅವರ ತಾಯಿ ಒಬ್ಬಳೇ ಕೂತು ಬತ್ತಿ ಹೊಸೆಯುತ್ತಿದ್ದಳು.

"ನೋಡ್ರಿ ಸಾಹೇಬ್ರ, ಕಳ್ಳಿ ನಾನ."

ಸಾಹೇಬರ ನಗು ನಿಂತಿತು. ಅಷ್ಟರಲ್ಲಿ ಕ್ಯಾಮೆರಾದ ದೀಪ ಹೊತ್ತಿದ್ದು ಕಂಡು ಮುದುಕಿ ಮುಖವೆತ್ತಿದಳು.

"ಬಂದಿಯೇನಪಾ ಮಗನ? ದಿನಾ ಇದರಾಗ ಎಷ್ಟ್ ಮಾತಾಡ್ತಿ, ಇವತ್ತ್ಯಾಕ ಸುಮ್ಮನ ಅದಿ?"

ಸಾಹೇಬರು ಮೊಬೈಲಿನತ್ತ ಬಾಗಿದರು. "ನಾ ಒಂದ್ ದಿನಾನೂ ಇದರಾಗ ಮಾತಾಡಿಲ್ಲ."

ನೀಲವ್ವ ಮೊಬೈಲನ್ನು ಮೇಜಿನ ಮೇಲಿಟ್ಟಳು. "ನಾನೂ ಇವತ್ತ ಮೊದಲ ಹೊಕ್ಕಿದ್ದು. ಆ ಮಗ ಯಾರು ಅಂತ ಹುಡುಕಾಕ ಕಲಿತವರು ಬೇಕಲ್ರಿ," ಎಂದು ಫೈಲು ಮುಂದೆ ಸರಿಸಿದಳು.

ಸಾಹೇಬರು ಸಹಿ ಹಾಕುತ್ತಿದ್ದರು. ಮೊಬೈಲಿನಲ್ಲಿ ಮುದುಕಿ ಯಾರಿಗೋ ಉತ್ತರ ಕೊಟ್ಟಳು:

"ಹೂಂ ಮಗನ, ತಡಿ. ಬಾಗಲಾ ತಗೀತೇನಿ."