ಊರುಗೋಲು ಕೇಳಿದ ಸದ್ದು

ಚೆಲುವಜ್ಜಿಯ ಊರುಗೋಲಿಗೆ ತನ್ನ ಮೇಲೆ ಬಹಳ ಅಭಿಮಾನ. ಅಜ್ಜಿ ಊಟಕ್ಕೆ ಕೂತಾಗ ಅದು ಅವಳ ತೊಡೆಗೆ ಒರಗಿಕೊಂಡು ಒಳಗಿನ ಮೂಳೆಗೆ ಹೇಳಿತು: "ನಿನ್ನ ಕಾಲ ಮುಗಿಯಿತು. ಇನ್ನು ಇವಳನ್ನು ಹೊರುವುದು ನಾನೇ."

"ಹೊರು, ಬೇಡವೆನ್ನುವುದಿಲ್ಲ. ಆದರೆ ನನಗೆ ಕೆಲಸವಿದೆ," ಎಂದಿತು ಮೂಳೆ. "ಸವೆದದ್ದನ್ನು ಕೆಡವಬೇಕು, ಆ ಜಾಗದಲ್ಲಿ ಹೊಸದನ್ನು ಕಟ್ಟಬೇಕು."

ಕೋಲು ಬೆರಗಾಯಿತು. ಮರದಿಂದ ಕಡಿದ ದಿನದಿಂದ ಅದು ಒಂದೆಳೆಯೂ ಬೆಳೆದಿರಲಿಲ್ಲ. "ಈ ವಯಸ್ಸಿನಲ್ಲೂ ಕಟ್ಟುತ್ತೀಯಾ?"

"ಹುಟ್ಟಿದಾಗಿನಿಂದ ನಿಲ್ಲಿಸಿಲ್ಲ. ಈಚೆಗೆ ಕೆಡವುವುದೇ ಹೆಚ್ಚಾಗಿದೆ. ರಾಗಿಯಿಂದ ಸುಣ್ಣ ಬರುತ್ತದೆ, ಅದನ್ನು ಹಿಡಿದು ನಿಲ್ಲಿಸುವ ನನ್ನೊಳಗಿನ ನಾರಿಗೆ ಬೇಕಾದದ್ದು ಕಾಳಿನಿಂದ ಬರಬೇಕು. ಕಾಳೆಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತಿದೆ."

ಕೋಲು ನೋಡಿತು. ಸೊಸೆ ಅವರೆಕಾಳಿನ ಸಾರಿನಲ್ಲಿ ಸೌಟನ್ನು ಮೇಲೆಮೇಲೆ ಆಡಿಸಿ, "ನಿಮಗೆ ಮೇಲಿನ ತಿಳಿಯೇ ಹೊಟ್ಟೆಗೆ ಹಗುರ, ಅತ್ತೆ," ಎಂದು ಬಡಿಸುವುದರಲ್ಲಿದ್ದಳು. ಕೋಲು ಬೇಕೆಂದೇ ಜಾರಿ ಸೌಟಿನ ಹಿಡಿಗೆ ಬಡಿಯಿತು. ಸೌಟು ತಳಕ್ಕೆ ಮುಳುಗಿ, ಕಾಳು ತುಂಬಿಕೊಂಡು ಮೇಲೆ ಬಂತು.

ಸೊಸೆ ಅದನ್ನು ವಾಪಸ್ ಸುರಿಯಹೋದಳು.

"ಬಂದದ್ದನ್ನು ಯಾಕೆ ಕಳಿಸ್ತೀಯೆ, ಹಾಕು," ಎಂದಳು ಅಜ್ಜಿ. ಮೆಲ್ಲಗೆ ಅಗಿಯುತ್ತ, ನೆಲಕ್ಕೆ ಬಿದ್ದಿದ್ದ ಕೋಲನ್ನು ನೋಡಿ ನಕ್ಕಳು. "ಇದಕ್ಕೂ ವಯಸ್ಸಾಯ್ತು ನೋಡು, ನಿಂತಲ್ಲಿ ನಿಲ್ಲಲ್ಲ."

ಅಜ್ಜಿ ಕೋಲನ್ನೆತ್ತಿ ಮತ್ತೆ ತೊಡೆಗೆ ಒರಗಿಸಿಕೊಂಡಾಗ ಒಳಗೆ ಮೂಳೆ ಕಟ್ಟುವ ಕೆಲಸ ಮೆಲ್ಲನೆ ಸದ್ದು ಮಾಡುತ್ತ ನಡೆದೇ ಇತ್ತು. ಒಣಗಿದ ಮರ ಉಸಿರು ಬಿಗಿಹಿಡಿದು ಆ ಸದ್ದನ್ನು ಕೇಳಿಸಿಕೊಂಡಿತು.